ಅಪ್ಪನ ಮಾತು ಅಪ್ಪನದಾಗಿಯೇ ಕೇಳಿಸಲಿ: ಸನ್ನೆ ಭಾಷೆಯ ದುಭಾಷಿ ಶಿಕ್ಷಣದ ಬಗ್ಗೆ ಒಂದು ಬಹಿರಂಗ ಪತ್ರ

ಉನ್ನತ ಶಿಕ್ಷಣ ಸಚಿವರಿಗೆ ಹಾಗೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯನ್ನು ನೋಡಿಕೊಳ್ಳುವ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಹುಡುಗಿ. ಅಪ್ಪ, ಅವ್ವ ಇಬ್ಬರೂ ಹುಟ್ಟಿನಿಂದ ಕಿವುಡರು. ಅಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಅವ್ವ ಮನೆಯಲ್ಲೇ ಕೂತು ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಸೀರೆಗೆ ಫಾಲ್ಸ್ ಹೊಲಿಯುವುದು ಮಾಡುತ್ತಾರೆ. ನನಗೂ ನನ್ನ ತಮ್ಮನಿಗೂ ಕಿವಿ ಕೇಳಿಸುತ್ತದೆ. ಈಗ ನಾನು ಬೇರೆ ರಾಜ್ಯದ ಒಂದು ಸಂಸ್ಥೆಯಲ್ಲಿ ಭಾರತೀಯ ಸನ್ನೆ ಭಾಷೆಯ ದುಭಾಷಿಯಾಗುವ ಎರಡು ವರ್ಷದ ಡಿಪ್ಲೊಮಾ ಓದುತ್ತಿದ್ದೇನೆ. ಇದು ಎರಡನೇ ವರ್ಷ. ಇಂಥದೊಂದು ಓದು ಇದೆ ಎಂಬುದೇ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಪಿಯುಸಿ ಆದವರು ಸೇರಬಹುದು, ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆ ಇದೆ.

‘ಕಿವುಡರು’ ಎಂದು ಬರೆದದ್ದಕ್ಕೆ ತಪ್ಪು ತಿಳಿಯಬೇಡಿ. ಅಪ್ಪನೂ ಅವರ ಗೆಳೆಯರೂ ತಮ್ಮನ್ನು ಹಾಗೇ ಕರೆದುಕೊಳ್ಳುತ್ತಾರೆ, ಕಿವಿಯ ಹತ್ತಿರ ಬೆರಳಿಟ್ಟು, ನಗುನಗುತ್ತಾ. ಊರಿನವರು ಅನ್ನುವ ‘ಮೂಗ’ ಎಂಬ ಮಾತು ಮಾತ್ರ ಅವರಿಗೆ ನೋವು ಕೊಡುತ್ತದೆ. ಅವರಿಗೆ ಮಾತಿದೆ. ದಿನವಿಡೀ ಮಾತಾಡುತ್ತಾರೆ. ಅದು ಕೈಯ ಮಾತು, ಅಷ್ಟೇ.

ನಾನು ಆರನೇ ಇಯತ್ತೆಯಲ್ಲಿದ್ದಾಗ ನಡೆದದ್ದನ್ನು ಮೊದಲು ಹೇಳಬೇಕು. ಈ ಪತ್ರ ಹುಟ್ಟಿದ್ದೇ ಅಲ್ಲಿಂದ.

ಒಂದು ಗುರುವಾರ ಅಪ್ಪ ನನ್ನನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋದರು. ಹೋದದ್ದು ಒಂದು ಸಬ್‌ರಿಜಿಸ್ಟ್ರಾರ್ ಆಫೀಸಿಗೆ. ದೊಡ್ಡಪ್ಪ ಆಗಲೇ ಬಂದು ಬಾಂಡ್ ರೈಟರ್ ಹತ್ತಿರ ಕೂತಿದ್ದರು. ಅಜ್ಜ ತೀರಿಹೋದ ಮೇಲೆ ಹೊಲದ ವಾಟ್ನಿ, ಅಂದರೆ ಪಾಲಿನ ವಿಷಯ ಮನೆಯಲ್ಲಿ ಹೊಗೆಯಾಡುತ್ತಿತ್ತು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಬಾಂಡ್ ರೈಟರ್ ಛಾಪಾ ಕಾಗದವನ್ನು ಗಡಗಡ ಓದಿದರು. ಅದರಲ್ಲಿ ನನಗೆ ತಿಳಿದ ಪದಗಳಿಗಿಂತ ತಿಳಿಯದವೇ ಹೆಚ್ಚು. ಸರ್ವೆ ನಂಬರು, ಚಕ್ಕಬಂದಿ, ‘ಸದರಿ ಸ್ವತ್ತಿನ ಮೇಲಿನ ಹಕ್ಕು ಖುಲಾಸೆ’. ಓದಿ ಮುಗಿಸಿ ನನ್ನ ಕಡೆ ತಿರುಗಿ, “ಏ ತಂಗಿ, ನಿಮ್ಮಪ್ಪಗ ಹೇಳು, ಇಲ್ಲಿ ಸಹಿ ಮಾಡಂತ” ಅಂದರು.

ಅಪ್ಪ ನನ್ನ ಮುಖ ನೋಡಿದರು. ಹುಬ್ಬು ಮೇಲೆ ಮಾಡಿ ಅಂಗೈ ತಿರುಗಿಸಿದರು: ಏನು?

ಟಿ.ವಿ. ವಾರ್ತೆಯಲ್ಲಿ ‘ಆರೋಪಿ ಖುಲಾಸೆ’ ಎಂದು ಹೇಳುವುದನ್ನು ನಾನು ಕೇಳಿದ್ದೆ. ಖುಲಾಸೆ ಎಂದರೆ ಬಿಡುಗಡೆ. ಬಿಡುಗಡೆ ಎಂದರೆ ಒಳ್ಳೆಯದೇ ಅಲ್ಲವೇ. ಎರಡೂ ಮುಂಗೈ ಕತ್ತರಿ ಹಾಕಿ, ಬಿಡಿಸಿ, ‘ಜಗಳ ಮುಗಿಯಿತು, ಬಿಡುಗಡೆ’ ಎಂದು ಸನ್ನೆ ಮಾಡಿದೆ. ಅಪ್ಪನ ಮುಖ ಅರಳಿತು. ದೊಡ್ಡಪ್ಪನ ಭುಜ ತಟ್ಟಿದರು. ಒಳಗೆ ಅಧಿಕಾರಿ “ಒಪ್ಪಿ ಬರೆದುಕೊಟ್ಟದ್ದೇನು?” ಎಂದು ಕೇಳಿದಾಗ ನಾನು ‘ಸರಿನಾ?’ ಎಂದು ಸನ್ನೆ ಮಾಡಿದೆ. ಅಪ್ಪ ತಲೆ ಹಾಕಿದರು. ಸಹಿಯಾಯಿತು, ಹೆಬ್ಬೆಟ್ಟಾಯಿತು, ಫೋಟೋ ಆಯಿತು. ಬರುವಾಗ ನನಗೆ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ಕೊಡಿಸಿದರು.

ಒಂದು ಎಕರೆ ಮೂವತ್ತು ಗುಂಟೆಯಲ್ಲಿ ಅಪ್ಪನ ಪಾಲು ಆ ದಿನ ಹೋಯಿತು. ಅದು ನನಗೆ ಗೊತ್ತಾದದ್ದು ಹದಿನೇಳನೇ ವಯಸ್ಸಿನಲ್ಲಿ, ಬೆಳೆಸಾಲಕ್ಕೆಂದು ಉತಾರ (ಪಹಣಿ) ತೆಗೆಸಲು ಹೋದಾಗ. ಉತಾರದಲ್ಲಿ ಅಪ್ಪನ ಹೆಸರೇ ಇರಲಿಲ್ಲ. ಆಮೇಲೆ ಹಳೆಯ ಕಾಗದ ಹುಡುಕಿ ಓದಿದೆ. ಹಕ್ಕು ಖುಲಾಸೆ ಪತ್ರ ಎಂದರೆ ತನ್ನ ಹಕ್ಕನ್ನು ಬಿಟ್ಟುಕೊಡುವುದು ಎಂದು ಅವತ್ತು ತಿಳಿಯಿತು. ಅಂಗಡಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಮಶಿನ್ ನಿಲ್ಲಿಸಿ ಬಹಳ ಹೊತ್ತು ಆ ಕಾಗದ ನೋಡಿದರು. ಆಮೇಲೆ ನೆಲದಿಂದ ಮೊಣಕಾಲಿಗಿಂತ ತುಸು ಮೇಲೆ ಅಂಗೈ ಹಿಡಿದು ತೋರಿಸಿದರು. ‘ನೀನು ಇಷ್ಟಿದ್ದಿ.’ ಮತ್ತೆ ಹೊಲಿಯತೊಡಗಿದರು.

ದೊಡ್ಡಪ್ಪನ ಮೇಲೆ ದೂರು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಅವರಿಗೂ ಅಪ್ಪನಿಗೂ ನಡುವೆ ಏನು ಮಾತಾಗಿತ್ತೋ, ಅಪ್ಪ ಬಿಟ್ಟುಕೊಡಲು ಒಪ್ಪುತ್ತಿದ್ದರೋ ಏನೋ. ಒಪ್ಪಬಹುದಿತ್ತು. ಆದರೆ ಒಪ್ಪುವ ಅಥವಾ ಒಲ್ಲೆನೆನ್ನುವ ಅವಕಾಶ ಅವರ ಕೈಗೆ ಬರಲೇ ಇಲ್ಲ. ಆ ಕೋಣೆಯಲ್ಲಿ ಏಳೆಂಟು ಜನ ದೊಡ್ಡವರಿದ್ದರು. ಹನ್ನೊಂದು ವರ್ಷದ ಹುಡುಗಿ ಕಾನೂನಿನ ಕಾಗದವನ್ನು ತರ್ಜುಮೆ ಮಾಡುತ್ತಿದ್ದಾಳೆ ಎಂಬುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನನಗೂ ಕಾಣಲಿಲ್ಲ. ಕಿವುಡ ತಂದೆತಾಯಿಯ ಕೇಳುವ ಮಕ್ಕಳು ಎಲ್ಲ ಕಡೆ ಇದನ್ನೇ ಮಾಡುತ್ತಿರುತ್ತಾರೆ. ದವಾಖಾನೆಯಲ್ಲಿ ಅವ್ವನ ಮುಟ್ಟಿನ ವಿಷಯ, ಹೊಟ್ಟೆಯೊಳಗಿನ ಗಡ್ಡೆಯ ವಿಷಯ ಡಾಕ್ಟರು ಕೇಳಿದ್ದನ್ನು ಅವ್ವನಿಗೆ ಕೇಳಿದವಳೂ ನಾನೇ. ನಾಚಿಕೆಯಿಂದ ಎರಡು ಪ್ರಶ್ನೆ ಕೇಳದೆ ಬಿಟ್ಟು, ಉತ್ತರ ನಾನೇ ಹೇಳಿದ್ದೆ.

ಈಗ ನಾನು ಓದುತ್ತಿರುವುದರ ಬಗ್ಗೆ ಹೇಳುತ್ತೇನೆ.

ಮನೆಮಾತೇ ಸನ್ನೆಯಾದ್ದರಿಂದ ನನಗೆ ಎಲ್ಲ ಬರುತ್ತದೆ ಎಂಬ ಧೈರ್ಯದಲ್ಲಿ ತರಗತಿಗೆ ಹೋದೆ. ನಮಗೆ ಭಾಷೆ ಕಲಿಸುವವರು ಕಿವುಡ ಮೇಷ್ಟ್ರು. ಅವರ ತರಗತಿಯಲ್ಲಿ ಯಾರೂ ದನಿ ತೆಗೆಯುವಂತಿಲ್ಲ. ಹುಡುಗಿಯರು ಬಳೆ ತೆಗೆದಿಟ್ಟು ಕೂರಬೇಕು. ಸದ್ದಿಗಾಗಿ ಅಲ್ಲ, ಮಿನುಗುವ ಬಳೆ ನೋಡುವವರ ಕಣ್ಣನ್ನು ಎಳೆಯುತ್ತದೆ. ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ ಅಂಗಿ, ಹೂವಿನ ಚಿತ್ತಾರ ಬೇಡ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕತ್ತಲಾಗುತ್ತದೆ. ಮುಖ ಕಾಣದಿದ್ದರೆ ಅರ್ಧ ವ್ಯಾಕರಣವೇ ಹೋಯಿತು, ಏಕೆಂದರೆ ಹುಬ್ಬು, ಕಣ್ಣು, ಕೆನ್ನೆ, ತಲೆಯ ಅಲುಗಾಟ ಇವೆಲ್ಲ ಸನ್ನೆ ಭಾಷೆಯಲ್ಲಿ ಪ್ರತ್ಯಯಗಳಿದ್ದ ಹಾಗೆ. ಅದೇ ಕೈಸನ್ನೆಗೆ ಹುಬ್ಬೇರಿಸಿದರೆ ಪ್ರಶ್ನೆ, ತಲೆಯಾಡಿಸಿದರೆ ಇಲ್ಲ.

ಸನ್ನೆ ಭಾಷೆ ಎಂದರೆ ಹಿಂದಿಯನ್ನೋ ಕನ್ನಡವನ್ನೋ ಕೈಯಲ್ಲಿ ಆಡುವುದು ಎಂದು ನಮ್ಮ ಅಧಿಕಾರಿಗಳು ತಿಳಿದಿದ್ದಾರೆ. ಅದಕ್ಕೆ ಅದರದೇ ಕಟ್ಟು ಇದೆ. ಕಾಲ ಸೂಚಿಸುವ ಮಾತು ಮೊದಲಿಗೆ ಬರುತ್ತದೆ. ‘ಏನು’, ‘ಯಾರು’ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ‘ಇಲ್ಲ’ ಎನ್ನುವುದೂ ಕೊನೆಗೇ. ಗಂಡಸಿಗೆ ಮೀಸೆ ತೋರಿಸುತ್ತೇವೆ, ಹೆಂಗಸಿಗೆ ಮೂಗುತಿಯ ಜಾಗ. 1970ರ ದಶಕದಲ್ಲಿ ಕಿವುಡ ವಿದ್ವಾಂಸ ಮದನ್ ವಸಿಷ್ಠ ಮತ್ತು ಅವರ ಜೊತೆಗಾರರು ದೆಹಲಿ, ಕೋಲ್ಕತ್ತ, ಮುಂಬೈ ಮತ್ತು ನಮ್ಮ ಬೆಂಗಳೂರಿನ ಕಿವುಡರ ಸನ್ನೆಗಳನ್ನು ಸಂಗ್ರಹಿಸಿ ಹೋಲಿಸಿ ನೋಡಿದರು. ಪದಗಳು ಊರಿಂದೂರಿಗೆ ಬದಲಾಗುತ್ತವೆ, ಒಳಗಿನ ಕಟ್ಟು ಒಂದೇ ಎಂಬುದು ಅವರಿಗೆ ಕಂಡಿತು. ನಮ್ಮ ಕನ್ನಡದ ಹಾಗೇ ಅಲ್ಲವೇ, ಮಂಗಳೂರಿನದು ಬೇರೆ, ಕಲಬುರಗಿಯದು ಬೇರೆ.

ಮೊದಲ ವರ್ಷದ ನಡುವಿಗೆ ಮೇಷ್ಟ್ರು ಜಾಗದ ಪಾಠ ಶುರು ಮಾಡಿದರು. ಎದುರಿನ ಗಾಳಿಯಲ್ಲಿ ಎಡಕ್ಕೆ ಒಬ್ಬನನ್ನು ಇಟ್ಟರು. ಬಲಕ್ಕೆ ಇನ್ನೊಬ್ಬನನ್ನು ಇಟ್ಟರು. ಒಮ್ಮೆ ಇಟ್ಟ ಮೇಲೆ ಅವರು ಅಲ್ಲೇ ಇರುತ್ತಾರೆ, ಹೆಸರು ಮತ್ತೆ ಹೇಳಬೇಕಿಲ್ಲ. ಬೆರಳು ಅತ್ತ ತೋರಿಸಿದರೆ ಅವನು, ಇತ್ತ ತೋರಿಸಿದರೆ ಇವನು. ಆಮೇಲೆ ‘ಕೊಡು’ ಎಂಬ ಸನ್ನೆ. ಆ ಕ್ರಿಯಾಪದ ಹೊರಟ ಕಡೆ ಕೊಡುವವನು, ಮುಟ್ಟಿದ ಕಡೆ ತೆಗೆದುಕೊಳ್ಳುವವನು. ಮೇಷ್ಟ್ರು ಪುಸ್ತಕ ಎಂದು ಸನ್ನೆ ಮಾಡಿ, ಎಡದಿಂದ ಬಲಕ್ಕೆ ಕೈ ಒಯ್ದರು. ಅಣ್ಣ ತಮ್ಮನಿಗೆ ಪುಸ್ತಕ ಕೊಟ್ಟ.

ನಾನು ಬೆಂಚಿನ ಮೇಲೆ ಹಾಗೇ ಕೂತುಬಿಟ್ಟೆ. ಎಡಕ್ಕೆ ಅಪ್ಪ, ಬಲಕ್ಕೆ ದೊಡ್ಡಪ್ಪ. ಹೊಲ. ಎಡದಿಂದ ಬಲಕ್ಕೆ ಒಂದು ಕೈ. ಆ ಗುರುವಾರ ಬೇಕಾಗಿದ್ದದ್ದು ಅಷ್ಟೇ. ಮನೆಯಲ್ಲಿ ನಾವು ದಿನಾ ಆಡುತ್ತಿದ್ದ ಸನ್ನೆಯೇ ಅದು, ಅಪ್ಪ ಒಂದು ಕ್ಷಣದಲ್ಲಿ ತಿಳಿದುಕೊಳ್ಳುತ್ತಿದ್ದರು. ನನಗೆ ಸನ್ನೆ ಬರುತ್ತಿತ್ತು. ಬಾರದಿದ್ದದ್ದು ಕನ್ನಡ, ಕಚೇರಿಯ ಕನ್ನಡ. ಮಾನ್ಯರೇ, ಈ ಪತ್ರದ ತಿರುಳು ಇದೇ.

ದುಭಾಷಿಗೆ ಎರಡು ಭಾಷೆ ಬೇಕು. ನಮ್ಮ ತರಗತಿಯಲ್ಲಿ ಒಂದು ಕಡೆ ಸನ್ನೆ, ಇನ್ನೊಂದು ಕಡೆ ಹಿಂದಿ ಮತ್ತು ಇಂಗ್ಲಿಷ್. ಅಲ್ಲಿ ಅದು ಸರಿಯೇ, ಅವರ ಊರಿನ ಕೆಲಸ ಅವರ ಭಾಷೆಯಲ್ಲಿ ನಡೆಯುತ್ತದೆ. ಆದರೆ ನಾನು ವಾಪಸ್ ಬಂದು ನಿಲ್ಲಬೇಕಾದದ್ದು ನಮ್ಮ ತಹಶೀಲ್ದಾರ್ ಕಚೇರಿಯಲ್ಲಿ, ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ, ನಮ್ಮ ಸೆಷನ್ಸ್ ಕೋರ್ಟಿನಲ್ಲಿ. ಅಲ್ಲಿ ಪೋತಿ ಖಾತೆ ಇದೆ, ಪಹಣಿ ಇದೆ, ತಕರಾರು ಅರ್ಜಿ ಇದೆ, ಪಂಚನಾಮೆ ಇದೆ, ‘ಫಿರ್ಯಾದಿ ಹೇಳುವುದೇನೆಂದರೆ’ ಎಂದು ಶುರುವಾಗುವ ಒಂದೇ ಉಸಿರಿನ ವಾಕ್ಯಗಳಿವೆ. ಇವನ್ನು ಕೇಳುತ್ತಾ ಕೇಳುತ್ತಾ, ಎರಡು ಮೂರು ಮಾತು ಹಿಂದೆ ಉಳಿದು, ಅರ್ಥ ಹಿಡಿದು, ಕೈಗೆ ತರುವ ಅಭ್ಯಾಸವನ್ನು ನಾನು ಯಾರ ಹತ್ತಿರ ಮಾಡಲಿ? ರಾತ್ರಿ ಹಾಸ್ಟೆಲಿನಲ್ಲಿ ಮೊಬೈಲಿನಲ್ಲಿ ಕನ್ನಡ ವಾರ್ತೆ ಹಚ್ಚಿ ನಾನೊಬ್ಬಳೇ ಗೋಡೆಯ ಕಡೆ ತಿರುಗಿ ಸನ್ನೆ ಮಾಡುತ್ತೇನೆ. ಅದನ್ನು ನೋಡಿ ತಿದ್ದಲು ಕನ್ನಡ ಬಲ್ಲವರು ಇಲ್ಲಿ ಯಾರೂ ಇಲ್ಲ.

ಬೆರಳಕ್ಷರವನ್ನೇ ತೆಗೆದುಕೊಳ್ಳಿ. ಹೆಸರು, ಊರು, ಔಷಧಿ, ಹೀಗೆ ಸನ್ನೆ ಇಲ್ಲದ ಪದ ಬಂದರೆ ಅಕ್ಷರ ಅಕ್ಷರವಾಗಿ ಎರಡೂ ಕೈ ಸೇರಿಸಿ ತೋರಿಸುತ್ತೇವೆ. ನಮಗೆ ಕಲಿಸುವುದು ಇಂಗ್ಲಿಷಿನ 26 ಅಕ್ಷರ. ಅಪ್ಪ ಕಿವುಡರ ಶಾಲೆಯಲ್ಲಿ ಕನ್ನಡದಲ್ಲಿ ಏಳನೇ ಇಯತ್ತೆಯವರೆಗೆ ಓದಿದವರು. ನಾನು ರಜೆಗೆ ಬಂದಾಗ ಹೊಸದಾಗಿ ಕಲಿತದ್ದನ್ನು ತೋರಿಸಲು ‘ರಾಣೆಬೆನ್ನೂರು’ ಎಂದು ಇಂಗ್ಲಿಷ್ ಬೆರಳಕ್ಷರ ಮಾಡಿದೆ. ಅವರಿಗೆ ತಿಳಿಯಲಿಲ್ಲ. ನನ್ನ ಕೈ ಹಿಡಿದು ತಿರುಗಿಸಿ, ತಮ್ಮ ಅಂಗೈ ಮುಂದೆ ಮಾಡಿ, ಇಲ್ಲಿ ಬರಿ ಎಂದು ತೋರಿಸಿದರು. ಅಂಗೈ ಮೇಲೆ ಬೆರಳಿಂದ ‘ರಾ’ ಬರೆಯುತ್ತಿದ್ದಂತೆಯೇ ಗೊತ್ತಾಗಿಬಿಟ್ಟಿತು. ಅಪ್ಪನೂ ಅವರ ಗೆಳೆಯರೂ ಮೊದಲಿನಿಂದ ಹಾಗೇ ಮಾಡಿಕೊಂಡು ಬಂದಿದ್ದಾರೆ. ಕನ್ನಡ ಶಾಲೆಯಲ್ಲಿ ಓದಿದ ಕಿವುಡರಿಗೆ ದುಭಾಷಿ ಆಗಬೇಕಾದವರು ಇದನ್ನೆಲ್ಲ ಎಲ್ಲಿ ಕಲಿಯಬೇಕು?

ಇನ್ನೊಂದು ಸಂಗತಿ, ಕನ್ನಡದಲ್ಲಿ ಯೋಚಿಸುವವರಿಗೆ ಮಾತ್ರ ಹೊಳೆಯುವಂಥದ್ದು. ದುಭಾಷಿಯ ಮೊದಲ ಪಾಠಗಳಲ್ಲಿ ಒಂದು ‘ನಾನು’ ಎಂದು ಹೇಳುವುದು. ಕಿವುಡ ವ್ಯಕ್ತಿ ‘ನನಗೆ ಎದೆ ನೋಯುತ್ತದೆ’ ಎಂದು ಸನ್ನೆ ಮಾಡಿದರೆ ದುಭಾಷಿ ದನಿಯಲ್ಲಿ “ನನಗೆ ಎದೆ ನೋಯುತ್ತದೆ” ಎಂದೇ ಹೇಳಬೇಕು. ನಾನು ಹತ್ತು ಹನ್ನೆರಡು ವರ್ಷ ಏನು ಹೇಳುತ್ತಾ ಬಂದಿದ್ದೆ? “ಅಪ್ಪಗ ಎದಿ ನೋಯ್ತದಂತ್ರೀ.” ನಮ್ಮ ಭಾಷೆಯಲ್ಲಿ ಆ ‘ಅಂತೆ’ ಬಹಳ ದೊಡ್ಡ ಕೆಲಸ ಮಾಡುತ್ತದೆ. ಅದು ಬಂದ ತಕ್ಷಣ ಮಾತಾಡಿದವರು ಕೋಣೆಯಿಂದ ಹೊರಗೆ ಹೋಗಿಬಿಡುತ್ತಾರೆ. ಮಾತು ನನ್ನದಾಗುತ್ತದೆ, ಅಪ್ಪ ಸುದ್ದಿಯಾಗುತ್ತಾರೆ. ಡಾಕ್ಟರು ನನ್ನ ಕಡೆ ನೋಡಿ “ಎಷ್ಟು ದಿನದಿಂದ?” ಎಂದು ಕೇಳುತ್ತಾರೆ, ಅಪ್ಪನ ಕಡೆ ನೋಡುವುದಿಲ್ಲ. ಹಿಂದಿ, ಇಂಗ್ಲಿಷ್ ಇಟ್ಟುಕೊಂಡು ಕಲಿಸುವ ತರಗತಿಯಲ್ಲಿ ಈ ‘ಅಂತೆ’ಯ ಬಗ್ಗೆ ಪಾಠ ಬರುವುದು ಹೇಗೆ?

ನೀನು, ನೀವು ಎಂಬುದೂ ಹಾಗೇ. ಸನ್ನೆಯಲ್ಲಿ ಎದುರಿನವರ ಕಡೆ ಬೆರಳು ತೋರಿದರೆ ಆಯಿತು. ಮರ್ಯಾದೆ ಇರುವುದು ಮುಖದಲ್ಲಿ, ಮೈಯ ಬಾಗಿನಲ್ಲಿ. ಅದನ್ನು ಕನ್ನಡಕ್ಕೆ ತರುವಾಗ ದುಭಾಷಿ ಪ್ರತಿ ವಾಕ್ಯದಲ್ಲೂ ಆರಿಸಿಕೊಳ್ಳಬೇಕು. ಐವತ್ತು ದಾಟಿದ, ಊರಿನ ಅರ್ಧ ಜನರಿಗೆ ಮದುವೆ ಅಂಗಿ ಹೊಲಿದುಕೊಟ್ಟ ಟೇಲರ್ ಒಬ್ಬರು ಅಧಿಕಾರಿಯ ಎದುರು ಹೇಗೆ ಮಾತಾಡಬೇಕು? ಅವರ ಮಾತು ನನ್ನ ಬಾಯಿಂದ ಹನ್ನೊಂದು ವರ್ಷದ ಹುಡುಗಿಯ ಮಾತಾಗಿ ಹೊರಬರುತ್ತಿತ್ತು. ಅದಕ್ಕೇ ಎಲ್ಲರೂ ಅವರನ್ನು ‘ನೀ’ ಎನ್ನುತ್ತಿದ್ದರು, ಹುಡುಗನಿಗೆ ಹೇಳಿದ ಹಾಗೆ ಬೆನ್ನು ತಟ್ಟಿ ಕಳಿಸುತ್ತಿದ್ದರು. ಅಪ್ಪನ ಸನ್ನೆಯಲ್ಲಿ ಎಷ್ಟು ಗಾಂಭೀರ್ಯ ಇದೆ ಎಂಬುದನ್ನು ಅವರು ಯಾರೂ ಕೇಳಿಸಿಕೊಂಡೇ ಇಲ್ಲ. ನಾನು ಕೇಳಿಸಲಿಲ್ಲ.

ಕಿವುಡರ ಶಾಲೆ ಎಂದೆ. ಅದರ ಬಗ್ಗೆಯೂ ಒಂದು ಮಾತು. ಅಪ್ಪ ಓದಿದ ಕಾಲಕ್ಕೆ ತರಗತಿಯಲ್ಲಿ ಕೈ ಎತ್ತಿದರೆ ಅಡ್ಡಪಟ್ಟಿಯ ಏಟು ಬೀಳುತ್ತಿತ್ತು. ತುಟಿ ನೋಡಿ ತಿಳಿ, ಬಾಯಿಂದ ಹೇಳು ಎನ್ನುತ್ತಿದ್ದರು. ‘ಪ’, ‘ಬ’, ‘ಮ’ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ, ಕಿವುಡ ಹುಡುಗ ತುಟಿ ನೋಡಿ ಏನು ತಿಳಿಯಬೇಕು? ಸನ್ನೆಯನ್ನು ಅವರು ಕಲಿತದ್ದು ರಾತ್ರಿ ಹಾಸ್ಟೆಲಿನ ಬಲ್ಬಿನ ಕೆಳಗೆ, ದೊಡ್ಡ ಹುಡುಗರಿಂದ. ಈ ಪದ್ಧತಿ ನಮ್ಮೂರಿನ ಮೇಷ್ಟ್ರ ತಪ್ಪಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಣದ ಸಮ್ಮೇಳನ ಸನ್ನೆ ಬೇಡ, ಬಾಯಿಮಾತೇ ಇರಲಿ ಎಂದು ನಿರ್ಣಯ ಮಾಡಿತು, ಜಗತ್ತಿನ ಶಾಲೆಗಳು ಅದನ್ನೇ ಹಿಡಿದವು. 2010ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಸಮ್ಮೇಳನ ಆ ನಿರ್ಣಯವನ್ನು ತಳ್ಳಿಹಾಕಿ ವಿಷಾದ ಹೇಳಿತು. ನಡುವೆ ಹೋದದ್ದು 130 ವರ್ಷ. ಅಪ್ಪನ ಬಾಲ್ಯ ಅದರೊಳಗೆ ಬಂತು.

ಕಾನೂನು ಇಲ್ಲ ಎನ್ನುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 12ನೇ ಸೆಕ್ಷನ್ ಅವರವರು ಆರಿಸಿಕೊಂಡ ಭಾಷೆಯಲ್ಲಿ, ಅವರವರ ಸಂವಹನದ ರೀತಿಯಲ್ಲಿ ಸಾಕ್ಷ್ಯ ದಾಖಲಿಸಲು ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. 13ನೇ ಸೆಕ್ಷನ್ ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ, ಹಣಕಾಸು ನೋಡಿಕೊಳ್ಳುವ ಹಕ್ಕು ಎಲ್ಲರಂತೆ ಅವರಿಗೂ ಸಮ ಎನ್ನುತ್ತದೆ. ಆ ಸೆಕ್ಷನ್ನನ್ನು ತರಗತಿಯಲ್ಲಿ ಓದುವಾಗ ನನ್ನ ಕಣ್ಣು ಆ ಸಾಲಿನಿಂದ ಮುಂದೆ ಹೋಗಲಿಲ್ಲ. ಮಾತಾಡಲಾಗದ ಸಾಕ್ಷಿಯ ಹೇಳಿಕೆಯನ್ನು ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವಿನಿಂದ ಪಡೆಯಬೇಕು, ಅದನ್ನು ವಿಡಿಯೋ ಮಾಡಬೇಕು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಸೆಕ್ಷನ್ನಿನಲ್ಲಿದೆ. ಹಳೆಯ ಸಾಕ್ಷ್ಯ ಕಾಯ್ದೆಗೆ 2013ರಲ್ಲೇ ಈ ಮಾತು ಸೇರಿತ್ತು. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೊ ಪ್ರಕರಣಗಳಲ್ಲಿ ಮಗುವಿನ ಹೇಳಿಕೆಗೂ ದುಭಾಷಿಯ ನೆರವು ಪಡೆಯಲು ಅವಕಾಶ ಇದೆ. ಕಾಯ್ದೆ ‘ದುಭಾಷಿ’ ಎನ್ನುತ್ತದೆ. ಆ ದುಭಾಷಿ ಎಲ್ಲಿದ್ದಾರೆ? ಎಷ್ಟೋ ಕಡೆ ಹತ್ತಿರದ ಕಿವುಡರ ಶಾಲೆಯಿಂದ ಒಬ್ಬ ಟೀಚರನ್ನು ಕರೆಸುತ್ತಾರೆ. ಆ ಟೀಚರುಗಳ ಬಗ್ಗೆ ನನಗೆ ಗೌರವ ಇದೆ, ಅವರು ಇರದಿದ್ದರೆ ಅದೂ ಇರುತ್ತಿರಲಿಲ್ಲ. ಆದರೆ ಮಕ್ಕಳಿಗೆ ಪಾಠ ಹೇಳುವುದು ಬೇರೆ, ಪಾಟೀ ಸವಾಲಿನಲ್ಲಿ ವಕೀಲರ ಒಂದು ಪದವನ್ನೂ ಸೇರಿಸದೆ, ಒಂದು ಪದವನ್ನೂ ಬಿಡದೆ ಆ ಕಡೆಗೆ ದಾಟಿಸುವುದು ಬೇರೆ. ಕೇಳಿದ್ದನ್ನು ಹೊರಗೆ ಹೇಳಬಾರದು, ಯಾರ ಪರವೂ ವಹಿಸಬಾರದು, ಗೊತ್ತಾಗದಿದ್ದರೆ ನಿಲ್ಲಿಸಿ ‘ನನಗೆ ಗೊತ್ತಾಗಲಿಲ್ಲ, ಮತ್ತೊಮ್ಮೆ ಹೇಳಿ’ ಎನ್ನಬೇಕು. ಈ ಕೊನೆಯದನ್ನು ನಾನು ಹನ್ನೊಂದನೇ ವಯಸ್ಸಿನಲ್ಲಿ ಕಲಿತಿದ್ದರೆ ಸಾಕಿತ್ತು.

ನಮ್ಮ ರಾಜ್ಯದಲ್ಲಿ ಇದು ಆಗುವುದಿಲ್ಲ ಎಂದು ಯಾರೂ ಹೇಳಬಾರದು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಅವರು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ದುಭಾಷಿಯ ಮೂಲಕ ಭಾಗವಹಿಸಿದರು. 2024ರ ಏಪ್ರಿಲಿನಲ್ಲಿ ನಮ್ಮದೇ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ವಾದ ಮಂಡಿಸಿದರು. ಆ ಸುದ್ದಿ ಬಂದ ದಿನ ಅಪ್ಪನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದರ ಹಿಂದೆ ಒಂದು ಸನ್ನೆಯ ವಿಡಿಯೋ ಬಂದವು. ಒಬ್ಬರು ವಯಸ್ಸಾದವರು ಕಣ್ಣೊರೆಸಿಕೊಳ್ಳುತ್ತಾ ಎರಡೂ ಅಂಗೈ ಮೇಲೆತ್ತಿ ಅಲುಗಿಸುತ್ತಿದ್ದರು, ಅದು ಕಿವುಡರ ಚಪ್ಪಾಳೆ. ಹೈಕೋರ್ಟಿಗೆ ಸಿಕ್ಕಿದ್ದು ತಾಲ್ಲೂಕಿಗೂ ಸಿಗಬೇಕಲ್ಲವೇ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಶ್ರವಣದೋಷ ಇರುವವರೆಂದು ಬರೆಸಿಕೊಂಡವರು 2.35 ಲಕ್ಷ ಜನ. ಅವರಲ್ಲಿ ಎಲ್ಲರೂ ಸನ್ನೆ ಆಡುವವರಲ್ಲ ನಿಜ. ಆದರೂ ಅವರೆಲ್ಲರಿಗೂ ಕಚೇರಿ ಇದೆ, ಆಸ್ಪತ್ರೆ ಇದೆ, ಹೊಲಮನೆಯ ಕಾಗದ ಇದೆ.

ಕೇಂದ್ರ ಸರ್ಕಾರ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಮಾಡಿತು. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000 ಆಯಿತು, ಎಲ್ಲ ವಿಡಿಯೋ ರೂಪದಲ್ಲಿ. ಮುಂಬೈಯ ಅಲಿ ಯಾವರ್ ಜಂಗ್ ಸಂಸ್ಥೆ, ತಿರುವನಂತಪುರದ ವಾಕ್ ಮತ್ತು ಶ್ರವಣ ಸಂಸ್ಥೆ ‘ನಿಷ್’, ಕೊಯಮತ್ತೂರಿನ ರಾಮಕೃಷ್ಣ ಮಿಷನ್ನಿನ ವಿಶ್ವವಿದ್ಯಾಲಯದ ವಿಭಾಗ, ಇಲ್ಲೆಲ್ಲ ಈ ಡಿಪ್ಲೊಮಾ ನಡೆದಿದೆ. ಕನ್ನಡವನ್ನು ಕೆಲಸದ ಭಾಷೆಯಾಗಿ ಇಟ್ಟುಕೊಂಡು ಕಲಿಸುವ, ಹಾವೇರಿಯ ಹುಡುಗಿ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ರಾತ್ರಿ ಮನೆಗೆ ಬರಬಹುದಾದ ಒಂದು ತರಗತಿಯನ್ನು ನಾನು ಹುಡುಕಿದೆ. ನನಗೆ ಸಿಗಲಿಲ್ಲ. ನನ್ನ ಹಾಗೆ ಕಿವುಡರ ಮನೆಯಲ್ಲಿ ಬೆಳೆದ ಇನ್ನೂ ನಾಲ್ಕು ಹುಡುಗಿಯರು ನನಗೆ ಗೊತ್ತು. ಅವರ ಕೈ ನನಗಿಂತ ಚುರುಕು. ಅಷ್ಟು ದೂರ ಕಳಿಸಲು ಮನೆಯವರು ಒಪ್ಪಲಿಲ್ಲ. ಒಬ್ಬಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಇಬ್ಬರ ಮದುವೆಯಾಯಿತು.

ಆದ್ದರಿಂದ ಉನ್ನತ ಶಿಕ್ಷಣ ಸಚಿವರಲ್ಲಿ ನನ್ನ ಕೋರಿಕೆ: ಧಾರವಾಡದಲ್ಲೊಂದು, ಕಲಬುರಗಿಯಲ್ಲೊಂದು, ದಕ್ಷಿಣದಲ್ಲೊಂದು, ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೇ ಈ ಡಿಪ್ಲೊಮಾ ಶುರು ಮಾಡಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ಇದೆ, ಅವರ ಸಲಹೆ ಪಡೆಯಿರಿ. ಆದರೆ ದಯವಿಟ್ಟು ಇದನ್ನು ಚಿಕಿತ್ಸೆಯ ವಿಷಯ ಮಾಡಬೇಡಿ. ಭಾಷಾಂತರ ವಿಭಾಗದವರು, ಕನ್ನಡ ಅಧ್ಯಯನ ಪೀಠದವರು ಇದರಲ್ಲಿ ಕೂರಬೇಕು, ಏಕೆಂದರೆ ಇದು ಭಾಷೆಯ ಕೆಲಸ. ಕಲಿಸಲು ಕಿವುಡರನ್ನೇ ನೇಮಿಸಿ. ಸನ್ನೆ ಭಾಷೆ ಕಲಿಸುವ ಡಿಪ್ಲೊಮಾ ಕಿವುಡರಿಗಾಗಿಯೇ ಇದೆ, ಅದನ್ನು ಪಾಸಾಗಿ ಕೆಲಸಕ್ಕೆ ಕಾಯುತ್ತಿರುವವರಿದ್ದಾರೆ. ಕೇಳುವವರು ಕೇಳುವವರಿಗೆ ಸನ್ನೆ ಕಲಿಸುತ್ತಾ ಹೋದರೆ ಕೊನೆಗೆ ಕಿವುಡರಿಗೇ ತಿಳಿಯದ ಸನ್ನೆ ಉಳಿಯುತ್ತದೆ.

ನಮ್ಮ ಕಚೇರಿ ಪದಗಳಿಗೆ ಸನ್ನೆ ಕೂರಿಸುವ ಕೆಲಸವನ್ನೂ ಆ ವಿಭಾಗಗಳೇ ಮಾಡಬಹುದು. ರಾಜ್ಯದ ಬೇರೆ ಬೇರೆ ಕಡೆಯ ಹಿರಿಯ ಕಿವುಡರನ್ನು ಕೂರಿಸಿಕೊಂಡು ‘ಪೋತಿ’ ಎಂದರೆ ಏನು ಮಾಡುತ್ತೀರಿ, ‘ಜಾಮೀನು’ ಎಂದರೆ ಏನು ಮಾಡುತ್ತೀರಿ ಎಂದು ಕೇಳಿ ವಿಡಿಯೋ ಮಾಡಿಟ್ಟರೆ ಆಯಿತು. ಅಪ್ಪನ ಗೆಳೆಯರ ಬಳಿ ಇಂಥ ಸನ್ನೆ ಎಷ್ಟೋ ಇವೆ. ಅವರು ಹೋದರೆ ಅವೂ ಹೋಗುತ್ತವೆ.

ಓದಿದ ಮೇಲೆ ಕೆಲಸ ಬೇಕು. ಒಂದೊಂದು ಜಿಲ್ಲಾ ನ್ಯಾಯಾಲಯಕ್ಕೆ, ಒಂದೊಂದು ಜಿಲ್ಲಾ ಆಸ್ಪತ್ರೆಗೆ ಇಬ್ಬಿಬ್ಬರು ದುಭಾಷಿಗಳ ಹುದ್ದೆ ಮಂಜೂರು ಮಾಡಿ. ಇಬ್ಬರು ಏಕೆಂದರೆ ಒಬ್ಬರೇ ಬಹಳ ಹೊತ್ತು ಮಾಡಲಾಗುವುದಿಲ್ಲ. ಇಪ್ಪತ್ತು ಮೂವತ್ತು ನಿಮಿಷಕ್ಕೆ ತಲೆ ದಣಿದು ತಪ್ಪು ಶುರುವಾಗುತ್ತದೆ, ಅದಕ್ಕೇ ಜೋಡಿಯಾಗಿ ಕೂತು ಸರದಿ ಬದಲಿಸುವುದು ಎಲ್ಲ ಕಡೆ ರೂಢಿ. ತಾಲ್ಲೂಕು ಕಚೇರಿಗಳ ಸಣ್ಣಪುಟ್ಟ ಕೆಲಸಕ್ಕೆ ಜಿಲ್ಲೆಯಿಂದ ವಿಡಿಯೋ ಕರೆ ಸಾಕು. ಸಾಕ್ಷಿ ವಿಚಾರಣೆ, ಆಸ್ತಿ ನೋಂದಣಿ, ಆಪರೇಷನ್ನಿಗೆ ಒಪ್ಪಿಗೆ, ಇವಕ್ಕೆ ಎದುರಿಗೇ ಬರಬೇಕು. ಪಂಚಾಯಿತಿಗೊಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಸನ್ನೆಯ ಮೊದಲ ಪಾಠ ಹೇಳಿಸಿ. ಅವರು ದುಭಾಷಿಗಳಾಗಬೇಕಿಲ್ಲ. ಎದುರಿಗೆ ಕೂತವರಿಗೆ ದುಭಾಷಿ ಬೇಕು ಎಂದು ಗುರುತಿಸಿ ಕರೆಸಿದರೆ ಸಾಕು.

ಇದಕ್ಕೆಲ್ಲ ಹಣ ಬೇಕು, ವರ್ಷಗಳೂ ಬೇಕು ಎಂದು ನನಗೆ ಗೊತ್ತು. ಆದರೆ ಒಂದು ಸುತ್ತೋಲೆಗೆ ಹಣ ಬೇಕಿಲ್ಲ. ನೋಂದಣಿ ಕಚೇರಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ಹದಿನೆಂಟು ತುಂಬದ ಮಕ್ಕಳನ್ನು ತಂದೆತಾಯಿಯ ದುಭಾಷಿಯಾಗಿ ನಿಲ್ಲಿಸಬಾರದು, ಮತ್ತು ಕಾಗದದಿಂದ ಲಾಭ ಆಗುವ ಸಂಬಂಧಿಕರು ದುಭಾಷಿ ಆಗಬಾರದು, ದುಭಾಷಿ ಸಿಗುವವರೆಗೆ ದಸ್ತಾವೇಜನ್ನು ತಡೆಹಿಡಿಯಬೇಕು. ನಿಮ್ಮ ಎರಡೂ ಇಲಾಖೆಗಳು ಕೂತು ಕಂದಾಯ, ಗೃಹ ಮತ್ತು ಆರೋಗ್ಯ ಇಲಾಖೆಗಳ ಜೊತೆ ಮಾತಾಡಿದರೆ ಈ ತಿಂಗಳಲ್ಲೇ ಹೊರಡಿಸಬಹುದು. ಇವತ್ತೂ ಯಾವುದೋ ಊರಲ್ಲಿ ಯಾವುದೋ ಮಗು ಶಾಲೆ ಬಿಟ್ಟು ಕೌಂಟರಿನ ಮುಂದೆ ತುದಿಗಾಲಲ್ಲಿ ನಿಂತಿರುತ್ತದೆ.

ಈ ಪತ್ರವನ್ನು ಕಳಿಸುವ ಮೊದಲು ವಿಡಿಯೋ ಕರೆ ಮಾಡಿ ಪೂರ್ತಿ ಅಪ್ಪನಿಗೆ ಸನ್ನೆಯಲ್ಲಿ ಹೇಳಿದೆ. ಹೊಲದ ವಿಷಯ ಬರೆಯಲು ಅವರ ಒಪ್ಪಿಗೆ ಬೇಕಿತ್ತು. ಅವರು ಅಂಗಡಿಯಲ್ಲಿ ಮೊಬೈಲನ್ನು ದಾರದ ಉಂಡೆಗಳಿಗೆ ಆನಿಸಿಟ್ಟು, ಎರಡೂ ಕೈ ಬಿಡುವು ಮಾಡಿಕೊಂಡು, ನಡುವೆ ತಡೆದು ತಡೆದು ಕೇಳುತ್ತಾ ನೋಡಿದರು. ಬರಿ ಎಂದರು. ಕೊನೆಗೆ ಒಂದು ಮಾತು ಸೇರಿಸಲು ಹೇಳಿದರು. ಅವರ ಮಾತನ್ನು ನಾನು ಕಲಿತ ಹಾಗೆ ಅವರದಾಗಿಯೇ ಬರೆಯುತ್ತೇನೆ:

“ಇದಕ್ಕೆ ನೀವು ಉತ್ತರ ಕೊಡುವುದಾದರೆ ನನ್ನ ಮಗಳಿಗೆ ಹೇಳಿ ಕಳಿಸಬೇಡಿ. ನಾನು ಅಂಗಡಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಇರುತ್ತೇನೆ. ಸನ್ನೆ ಬಲ್ಲ ಒಬ್ಬರನ್ನು ಕರೆದುಕೊಂಡು ಬನ್ನಿ. ನನ್ನ ಎದುರಿಗೆ ಕೂತು ಹೇಳಿ. ನನಗೂ ಕೇಳುವುದಿದೆ.”

ತಮ್ಮ ವಿಶ್ವಾಸಿ,
ಸನ್ನೆ ಭಾಷೆ ದುಭಾಷಿ ಡಿಪ್ಲೊಮಾ, ಎರಡನೇ ವರ್ಷದ ವಿದ್ಯಾರ್ಥಿನಿ,
ಹಾವೇರಿ ಜಿಲ್ಲೆ